ನಾನು ತಿಂದ ಭಂಡಾರ

ಅರವತ್ತರ ದಶಕದ ಆರಂಭದಲ್ಲಿ ನಾನು ಗೋಕಾಕದ ಒಂದು ದವಾಖಾನೆಯಲ್ಲಿ ವೈದ್ಯನಾಗಿದ್ದೆ. ಅದಕ್ಕೂ ಮೊದಲು ಮಾನಸಿಕ ಚಿಕಿತ್ಸೆಯಲ್ಲಿ ಒಂದಿಷ್ಟು ತರಬೇತಿ ಪಡೆದಿದ್ದೆ. ಮಾತಿನಿಂದಲೇ ಮನಸ್ಸಿನ ಗಂಟು ಬಿಡಿಸುವ ಸೈಕೋಥೆರಪಿಯಲ್ಲಿ ನಮಗೆ ಕಲಿಸಿದ ಮೊದಲ ನಿಯಮ, ರೋಗಿಯ ದೇವರ ತಂಟೆಗೆ ಹೋಗಬಾರದು ಎಂಬುದು. ನನಗೆ ಅದು ಬಹಳ ಹಿಡಿಸಿತ್ತು. ಚಿಂತೆ ಮಾಡಲು ರೋಗಿಗಳೇ ಸಾಕಿದ್ದರು; ದೇವರೂ ಸೇರಿಕೊಂಡರೆ ನನ್ನ ನಿದ್ದೆಯ ಗತಿ ಏನು?

ಆಗ ಕೌಜಲಗಿ ಕಡೆಯಿಂದ ಸಿದ್ದಪ್ಪ ಎಂಬ ಕುರುಬ ತನ್ನ ಹೆಂಡತಿ ಲಗಮವ್ವನನ್ನು ಕರೆತಂದ. ಕುರಿ ಮೇಯಿಸುತ್ತ ಊರೂರು ತಿರುಗುವಾಗ ಅವರ ಎಳೆಗೂಸು ಜ್ವರದಿಂದ ತೀರಿಕೊಂಡಿತ್ತು. ಅಂದಿನಿಂದ ಆಕೆ ಮಾತು ಬಿಟ್ಟಿದ್ದಳು, ಊಟವನ್ನೂ ಹೆಚ್ಚುಕಡಿಮೆ ಬಿಟ್ಟಿದ್ದಳು. ಆಕೆಯನ್ನು ದವಾಖಾನೆಯಲ್ಲೇ ಇರಿಸಿಕೊಂಡೆ. ಹಾಲು ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಹೀಗೇ ಆದರೆ ದೂರದ ಮಾನಸಿಕ ಆಸ್ಪತ್ರೆಗೆ ಕಳಿಸಬೇಕಾದೀತು ಎಂದು ಸಿದ್ದಪ್ಪನಿಗೆ ಬಾಗಿಲಲ್ಲಿ ನಿಂತು ಹೇಳಿದೆ. ಹಳ್ಳಿಯವರು ಅದನ್ನು ‘ದೊಡ್ಡ ಗೋಡಿ’ ಎನ್ನುತ್ತಿದ್ದರು. ಆತ ಅತ್ತ.

ನನ್ನ ಸಂಶಯವೆಲ್ಲ ಮಾಳಪ್ಪನ ಮೇಲಿತ್ತು. ಆತ ಅವರ ಕುಲದೇವರಾದ ಬೀರದೇವರ ಪೂಜಾರಿ. ದಿನಾ ಬಂದು ಚೀಲದಿಂದ ಭಂಡಾರ, ಅಂದರೆ ದೇವರ ಅರಿಶಿನಪುಡಿ, ತೆಗೆದು ಆಕೆಯ ಹಣೆಗೆ ಹಚ್ಚಿ, ಚಿಟಿಕೆಯಷ್ಟನ್ನು ಬಾಯಿಗೆ ಹಾಕುತ್ತಿದ್ದ. ನಾನು ಕೊಟ್ಟ ಹಾಲು ಒಲ್ಲದವಳು ಅದನ್ನು ಮಾತ್ರ ನುಂಗುತ್ತಿದ್ದಳು. ಅದರಲ್ಲಿ ಅಫೀಮು ಇರಲೇಬೇಕು ಎಂದುಕೊಂಡೆ. ಕಿಟಕಿಯ ಮರೆಯಲ್ಲಿ ನಿಂತು ನೋಡಿದೆ. ಆಕೆಯ ಕಣ್ಣು, ನಾಡಿ ಪರೀಕ್ಷಿಸಿದೆ. ಏನೂ ಸಿಗದಿದ್ದಾಗ ಸಂಶಯ ಇನ್ನೂ ಹೆಚ್ಚಿತು: ಸಿಗದಂಥದ್ದನ್ನೇ ಬೆರೆಸಿದ್ದಾನೆ! ಅವನಿಗೂ ನನ್ನ ಮೇಲೆ ಅಷ್ಟೇ ಸಂಶಯ. ನನ್ನ ವಿಟಮಿನ್ ಮಾತ್ರೆಯನ್ನು ಮೂಸಿ ನೋಡಿ ಸಿದ್ದಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದ.

ಒಂದು ಮುಂಜಾನೆ ತಡೆಯಲಾರದೆ, ಲಗಮವ್ವನ ಮಂಚದ ಎದುರೇ, ಮೊದಲು ನೀನು ತಿಂದು ತೋರಿಸು ಎಂದೆ. ಮಾಳಪ್ಪ ದೊಡ್ಡ ಚಿಟಿಕೆಯನ್ನೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚಪ್ಪರಿಸಿದ.

“ನಾ ತಿಂದ್ರ ಏನ್ ಖರೆ ಆತ್ರಿ, ಸಾಹೇಬ್ರ? ಸಣ್ಣಾಂವ ಇದ್ದಾಗಿಂದ ತಿನ್ನಾಕತ್ತೇನಿ, ವಿಷ ಇದ್ರೂ ಮೈಗೆ ರೂಢಿ ಆಗಿರತೈತಿ. ನೀವು ತಿನ್ರಿ.”

ಈ ವಾದದಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಅಂಗೈ ಚಾಚಿ ಇಸಿದುಕೊಂಡು ತಿಂದೆ. ಬರೀ ಅರಿಶಿನದ ಒಗರು. ನಾಡಿ ಹಿಡಿದುಕೊಂಡು ನಿಂತೆ, ನನ್ನದೇ.

ಆಗ ಮಂಚದಿಂದ ದನಿ ಬಂತು.

“ಭಂಡಾರ ಹಿಡದೀರಿ. ಇನ್ನ ಸುಳ್ಳ ಹೇಳಾಕ ಬರಂಗಿಲ್ಲ. ನನ್ನ ದೊಡ್ಡ ಗೋಡಿಗಿ ಹಾಕಾವ್ರ ಅದೀರೇನ್ರಿ?”

ಬಾಗಿಲಲ್ಲಿ ಆಡಿದ್ದು ಆಕೆಗೆ ಕೇಳಿಸಿತ್ತು. ಭಂಡಾರ ಹಿಡಿದವನು ಆಣೆ ಇಟ್ಟಂತೆ ಎಂಬ ಅವರ ರೂಢಿ ನನಗೆ ಗೊತ್ತಿರಲಿಲ್ಲ. ಬಾಯಲ್ಲಿ ಆಣೆ ಇಟ್ಟುಕೊಂಡೇ ನಿಂತಿದ್ದೆ. ‘ಹಂಗೇನಿಲ್ಲವ್ವಾ’ ಎಂಬ ವೈದ್ಯರ ಸಿದ್ಧ ಉತ್ತರ ನಾಲಗೆಯ ತುದಿಯಲ್ಲಿತ್ತು. ಮಾಳಪ್ಪ ನನ್ನ ಬಾಯನ್ನೇ ನೋಡುತ್ತಿದ್ದ.

“ವಿಚಾರ ಇತ್ತವ್ವಾ,” ಎಂದೆ. “ನೀ ಉಂಡು ಮಾತಾಡಿದ್ರ ಕಳಸಂಗಿಲ್ಲ.”

ಆಕೆ ತಾನೂ ಚಿಟಿಕೆ ಭಂಡಾರ ಹಿಡಿದು ಹೇಳಿದಳು. ಕೂಸು ಹುಟ್ಟಿದರೆ ದೇವರಿಗೆ ಕಂಬಳಿ ಹೊದಿಸುವ ಹರಕೆ ಹೊತ್ತಿದ್ದಳಂತೆ. ಕಂಬಳಿ ಆಗುವ ಮೊದಲೇ ಹಿಂಡು ಊರು ಬಿಟ್ಟಿತು. ದೇವರು ಕೂಸನ್ನೇ ತೆಗೆದುಕೊಂಡ. ಇನ್ನು ತಾನು ಉಣ್ಣುವುದು ಹೇಗೆ? ಇದನ್ನು ನಾನು ಕೇಳಿರಲಿಲ್ಲ, ಪೂಜಾರಿಯೂ ಕೇಳಿರಲಿಲ್ಲ. ನಾನು ಅವನ ಮುಖ ನೋಡಿದೆ. ಇದು ನನ್ನ ಮಾತ್ರೆಯ ಕೆಲಸವಾಗಿರಲಿಲ್ಲ.

ಮಾಳಪ್ಪ ನೆಲದ ಮೇಲೆ ಕುಳಿತ. “ಕಂಬಳಿಗಾಗಿ ಕೂಸು ಒಯ್ಯೂವಷ್ಟು ನಮ್ಮ ದೇವರು ಗತಿಗೆಟ್ಟಿಲ್ಲ ತಂಗಿ. ಆಂವಗ ಥಂಡಿ ಹತ್ತಿಲ್ಲ.”

ಲಗಮವ್ವ ಬಹಳ ಹೊತ್ತು ಅತ್ತು, ಆಮೇಲೆ ಅಂಬಲಿ ಕೇಳಿದಳು. ಮುಂದೆ ನಾವಿಬ್ಬರೂ ಒಟ್ಟಿಗೇ ಕುಳಿತು ಆಕೆಯ ಮಾತು ಕೇಳಿದೆವು. ಮಂಚದ ಮೇಲೇ ಹರಕೆಯ ಕಂಬಳಿಗೆ ಉಣ್ಣೆ ನೂಲತೊಡಗಿದಳು. ಗಂಡನ ಜೊತೆ ಮನೆಗೆ ಹೋದಳು.

ಈಗ ಹೊಸ ವೈದ್ಯರಿಗೆ ಪಾಠ ಹೇಳುವಾಗ, ರೋಗಿ ಯಾವುದರ ಮೇಲೆ ಆಣೆ ಇಡುತ್ತಾನೆಂದು ಮೊದಲು ಕೇಳಿ ಎನ್ನುತ್ತೇನೆ. ಅದನ್ನು ನಾವು ನಂಬಬೇಕಿಲ್ಲ. ಮಾಳಪ್ಪ ಕೊನೆಯವರೆಗೂ ನನ್ನ ಮಾತ್ರೆ ಮೂಸುವುದನ್ನು ಬಿಡಲಿಲ್ಲ, ನಾನೂ ಅವನ ಚೀಲದ ಮೇಲಿನ ಕಣ್ಣು ತೆಗೆಯಲಿಲ್ಲ. ಆದರೆ ಭಂಡಾರ ಬಾಯಲ್ಲಿದ್ದಾಗ ಆಡಲಾಗದ ಮಾತನ್ನು ರೋಗಿಗೆ ಎಂದೂ ಆಡಬಾರದು.