ಪರೀಕ್ಷೆ ಒಳಗೆ, ತೊಟ್ಟಿಲು ಹೊರಗೆ

ಉಪ್ಪಲ್ ದಾಟಿ ಸ್ವಲ್ಪ ದೂರ ಹೋದರೆ ಒಂದು ಎಂಜಿನಿಯರಿಂಗ್ ಕಾಲೇಜು. ಅದರ ಗೇಟಿನ ಎದುರು, ರಸ್ತೆಯ ಈಚೆ ಬದಿ, ಸಾಲಾಗಿ ಬೇವಿನ ಮರಗಳು. ಬೆಳಕು ಹರಿಯುವ ಹೊತ್ತು. ಹಳೆಯ ಸೀರೆಗಳ ಗಂಟು ಬಿಚ್ಚಿಕೊಂಡು ಶಂಕ್ರಮ್ಮ ಮರದ ಕೆಳಗೆ ನಿಂತಿದ್ದಾರೆ. ಸೀರೆಯ ಒಂದು ತುದಿಯನ್ನು ಕೊಂಬೆಯ ಮೇಲೆ ಎಸೆದು, ಎಳೆದು, ಗಂಟು ಬಿಗಿದು, ತಾವೇ ಅದರಲ್ಲಿ ಒಮ್ಮೆ ಕೂತು ಜೋಲಿ ಹೊಡೆದು ನೋಡುತ್ತಾರೆ. ತಮ್ಮ ಭಾರ ತಡೆದರೆ ಕೂಸಿನ ಭಾರ ತಡೆದೀತು ಎಂಬುದು ಲೆಕ್ಕ. ಮರ ಕಿರ್ರೆನ್ನುತ್ತದೆ. "ಸುಮ್ನಿರೋ, ನಾನೇನ ಆನೆ ಅಲ್ಲ" ಎಂದು ಮರಕ್ಕೇ ಗದರುತ್ತಾರೆ.

ಪಕ್ಕದಲ್ಲೇ ಒಂದು ಇಟ್ಟಿಗೆಯ ಮೇಲೆ ಅವರ ಸೊಸೆ ಶಿವಗಂಗಾ ಕೂತಿದ್ದಾಳೆ. ಅರ್ಧ ನಿಂಬೆಹಣ್ಣು ಹಿಡಿದು ತನ್ನ ಬೆರಳ ತುದಿಗಳನ್ನು ಒಂದೇ ಸಮ ಉಜ್ಜುತ್ತಿದ್ದಾಳೆ. ನಿಂಬೆ ಮುಗಿದರೆ ಪಾತ್ರೆ ತೊಳೆಯುವ ಸೋಪು, ಸೋಪು ಸೋತರೆ ಇಟ್ಟಿಗೆಯ ಅಂಚು. ಬೆರಳ ತುದಿಗಳು ಮಾತ್ರ ಮಾಗಿದ ಮೆಣಸಿನಕಾಯಿಯಷ್ಟು ಕೆಂಪಾಗಿಯೇ ಇವೆ.

ಇವತ್ತು ಬಿ.ಎಡ್. ಪ್ರವೇಶ ಪರೀಕ್ಷೆ. ಇಲ್ಲಿನವರ ಬಾಯಲ್ಲಿ ಎಡ್‌ಸೆಟ್. ಶಿವಗಂಗಾ ಬರೆಯಬೇಕು. ಒಳಗೆ ಬಿಡುವ ಮುಂಚೆ ಗೇಟಿನ ಬಳಿ ಯಂತ್ರದ ಮೇಲೆ ಬೆರಳು ಒತ್ತಬೇಕು. ಕೈಗೆ ಮದರಂಗಿ ಹಚ್ಚಿಕೊಂಡು ಬರಬೇಡಿ ಎಂದು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವಳು ಓದಿಯೂ ಇದ್ದಳು. ಆದರೆ ನಿನ್ನೆ ಮಧ್ಯಾಹ್ನ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋದಾಗ ಅತ್ತೆ ಮದರಂಗಿ ಸೊಪ್ಪು ಅರೆದು, ಬೆರಳ ತುದಿಗಳಿಗೆ ಟೊಪ್ಪಿಗೆ ತೊಡಿಸಿದಂತೆ ಮೆತ್ತಿಬಿಟ್ಟರು.

"ಮಾಸ್ತರಣಿ ಆಗಾಕ ಹೊಂಟಾಕಿ ಬೋಳ ಕೈಲೆ ಹೋಗ್ತಾಳೇನ್ರಿ?" ಎನ್ನುತ್ತಾರೆ ಶಂಕ್ರಮ್ಮ, ಈಗ ಸ್ವಲ್ಪ ಸಣ್ಣ ದನಿಯಲ್ಲಿ. "ಇಷ್ಟ ವರ್ಷ ಇದೇ ಗೇಟಿನ ಮುಂದ ಕುಂತೀನಿ. ಬೆರಳ ಒತ್ತಸ್ತಾರ ಅಂತ ಗೊತ್ತಿತ್ತು. ಬಣ್ಣ ಇದ್ರ ಆಗೂದಿಲ್ಲ ಅಂತ ಯಾರ ಹೇಳಬೇಕು? ಒಳಗ ಯಾರ ಹೋಗ್ಯಾರ?"

"ಅತ್ತಿ, ಮಾತ ಸಾಕು. ಇನ್ನೊಂದ ಲಿಂಬಿಹಣ್ಣ ಕೊಡು" ಎನ್ನುತ್ತಾಳೆ ಶಿವಗಂಗಾ, ತಲೆ ಎತ್ತದೆ.

ಈ ಪರೀಕ್ಷೆ ತಪ್ಪಿದರೆ ಇನ್ನೊಂದು ವರ್ಷ ಎಂದು ಕಾಯುವ ಹಾಗಿಲ್ಲ. ಶಂಕ್ರಮ್ಮನ ಮಗ ಆನಂದಕುಮಾರ ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಕೆಲಸಗಾರ. ಅವನ ಗುತ್ತಿಗೆದಾರನಿಗೆ ದಸರಾ ಕಳೆದ ಮೇಲೆ ಪುಣೆಯಲ್ಲಿ ಕೆಲಸ. ಸೊಸೆಗೆ ಸೀಟು ಸಿಕ್ಕರೆ ಮನೆಮಂದಿ ಇಲ್ಲೇ ಉಳಿಯುವುದು, ಸಿಗದಿದ್ದರೆ ತಟ್ಟೆ ಪಾತ್ರೆ ಕಟ್ಟಿಕೊಂಡು ಪುಣೆ. ಹೋದ ವರ್ಷ ಪರೀಕ್ಷೆಯ ವಾರದಲ್ಲೇ ಶಿವಗಂಗಾಳ ಮಗಳು ಪಿಂಕಿ ಹುಟ್ಟಿದಳು. ಹಾಗಾಗಿ ಉಳಿದಿರುವುದು ಇದೊಂದೇ ಸಲ.

ಶಂಕ್ರಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಗಂಡನ ಜೊತೆ ಕಾಚಿಗೂಡದಲ್ಲಿ ರೈಲು ಇಳಿದಾಗ ಆನಂದಕುಮಾರ ಕಂಕುಳಲ್ಲಿದ್ದ. ಗಚ್ಚಿಬೌಲಿಯ ದೊಡ್ಡ ದೊಡ್ಡ ಕಟ್ಟಡಗಳಿಗೆ ಬುಟ್ಟಿ ಹೊತ್ತರು. "ಇಪ್ಪತ್ತನೇ ಮಾಳಿಗಿಗೆ ಕಾಂಕ್ರೀಟ್ ಒಯ್ಯೂವಾಗ ಮೋಡ ಅಡ್ಡ ಬರತಿದ್ವು, ಕೈಲೆ ಸರಿಸಿ ಹೋಗತಿದ್ದೆ" ಎಂದು ನಗದೆ ಹೇಳುತ್ತಾರೆ. ಬೆನ್ನು ಹಿಡಿದುಕೊಂಡ ಮೇಲೆ ಬುಟ್ಟಿ ಬಿಡಬೇಕಾಯಿತು. ಆಗ ಜೊತೆಯ ಹೆಂಗಸರೇ ಒಂದು ಕೆಲಸ ಕೊಟ್ಟರು. ತಾವು ಮೇಲೆ ದುಡಿಯುವಾಗ ಕೆಳಗೆ ತಮ್ಮ ಕೂಸುಗಳನ್ನು ನೋಡಿಕೊಳ್ಳುವುದು. ಕಟ್ಟಡಕ್ಕೆ ಆಸರೆಯಾಗಿ ನಿಲ್ಲಿಸಿದ ಸಾರ್ವೆ ಮರಕ್ಕೆ ಸೀರೆ ಕಟ್ಟಿ, ಸಾಲು ತೊಟ್ಟಿಲು ತೂಗುವುದು. ಕೈಗೆ ಒಂದು ಹಗ್ಗ, ಕಾಲಿಗೆ ಒಂದು ಹಗ್ಗ. ಈಗಲೂ ಬೇರೆ ದಿನಗಳಲ್ಲಿ ಅವರಿಗೆ ಅದೇ ಕೆಲಸ.

ಈ ಗೇಟಿನ ಮುಂದೆ ಬಂದದ್ದು ಅಕಸ್ಮಾತ್ತಾಗಿ. ಕಾಲೇಜಿನ ಪಕ್ಕದಲ್ಲೇ ಒಂದು ಕಟ್ಟಡ ಏಳುತ್ತಿತ್ತು. ಇದೇ ಪರೀಕ್ಷೆಯ ಒಂದು ಬೆಳಗ್ಗೆ, ಹಸುಗೂಸು ಎತ್ತಿಕೊಂಡ ಒಬ್ಬ ಹುಡುಗಿ ಗೇಟಿನ ಮುಂದೆ ಅಳುತ್ತ ನಿಂತಿದ್ದಳು. ಜೊತೆಗೆ ಬರಬೇಕಿದ್ದ ತಾಯಿ ಬಸ್ಸು ತಪ್ಪಿಸಿಕೊಂಡಿದ್ದರು. ಕೂಸಿನೊಂದಿಗೆ ಒಳಗೆ ಬಿಡುವಂತಿಲ್ಲ, ಗೇಟು ಮುಚ್ಚಿದ ಮೇಲೆ ಒಂದು ನಿಮಿಷ ತಡವಾದರೂ ಬಿಡುವಂತಿಲ್ಲ. ಶಂಕ್ರಮ್ಮ ತಗಡಿನ ಬೇಲಿಯ ಸಂದಿಯಿಂದ ಕೈ ಚಾಚಿದರು. "ಇಲ್ಲಿ ಕೊಡವ್ವಾ. ಹತ್ತು ಕೂಸು ಅದಾವು, ಹನ್ನೊಂದನೇದು ಭಾರ ಆಗೂದಿಲ್ಲ."

ಅಂದಿನಿಂದ ಪ್ರತಿ ವರ್ಷ ಪರೀಕ್ಷೆಯ ದಿನ ಈ ಬೇವಿನ ಕೆಳಗೆ ಅವರ ತೊಟ್ಟಿಲ ಸಾಲು. ಬಿ.ಎಡ್. ಸೇರಬೇಕೆನ್ನುವವರಲ್ಲಿ ಮದುವೆಯಾದ ಹೆಣ್ಣುಮಕ್ಕಳು ಬಹಳ. ಪದವಿ ಮುಗಿದಿರುತ್ತದೆ, ಬೇಕಾದಷ್ಟು ಅಂಕವೂ ಇರುತ್ತದೆ, ಆಮೇಲೆ ಮದುವೆ, ಕೂಸು. ಕಂಪ್ಯೂಟರ್ ಮುಂದೆ ಎರಡು ತಾಸಿನ ಪರೀಕ್ಷೆ. ಅದರಲ್ಲಿ ತಮ್ಮ ವಿಷಯ, ಇಂಗ್ಲಿಷ್, ಸಾಮಾನ್ಯ ಜ್ಞಾನ, ಮಕ್ಕಳಿಗೆ ಕಲಿಸುವ ಮನಸ್ಸು ಇದೆಯೇ ಎಂದು ನೋಡುವ ಪ್ರಶ್ನೆಗಳು. ರ‍್ಯಾಂಕು ಬಂದರೆ ಕೌನ್ಸೆಲಿಂಗ್, ಸೀಟು, ಎರಡು ವರ್ಷದ ಓದು. ಆ ಎರಡು ತಾಸು ಕೂಸು ಹೊರಗೆ ಇರಬೇಕು. ಹೆಚ್ಚಿನವರ ಜೊತೆ ತಾಯಿಯೋ ಗಂಡನೋ ಬಂದಿರುತ್ತಾರೆ. ಗಂಡಂದಿರು ಬಂದರೆ ಶಂಕ್ರಮ್ಮನಿಗೆ ಕೆಲಸ ದುಪ್ಪಟ್ಟು.

"ಯಪ್ಪಾ, ಕುತಿಗಿ ಹಿಡೀರಿ, ಕುತಿಗಿ! ಅದು ಕೂಸು, ಗ್ಯಾಸ್ ಸಿಲಿಂಡರ್ ಅಲ್ಲ" ಎಂದು ಈಗ ಅವರು ಕೂಗುತ್ತಿರುವುದು ಅರವಿಂದ್ ಎಂಬವರಿಗೆ. ಹುಬ್ಬಳ್ಳಿ ಕಡೆಯವರು, ಇಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರಿ. ಹೆಂಡತಿ ಲಹರಿ ಕೂಸಿಗೆ ಹಾಲು ಕುಡಿಸಿ, ಗಂಡನ ಕೈಗೆ ಕೊಟ್ಟು, ಸಾಲಿನಲ್ಲಿ ನಿಂತಿದ್ದಾರೆ. ಅರವಿಂದ್ ಕೂಸನ್ನು ಸೀರೆಯ ತೊಟ್ಟಿಲಿಗೆ ಇಳಿಸುವಾಗ ಬಾಂಬು ಇಳಿಸುವವರಂತೆ ಉಸಿರು ಬಿಗಿ ಹಿಡಿಯುತ್ತಾರೆ.

"ಎಷ್ಟ್ ಕೊಡಬೇಕ್ರಿ ಅಮ್ಮಾ?"

"ರೊಕ್ಕ ನಿಮ್ಮ ಖುಷಿ. ಆದ್ರ ನಿಮ್ಮಾಕಿ ಹೊರಗ ಬಂದ ಮ್ಯಾಲ ಒಳಗಿಂದ ಒಂದ ಪ್ರಶ್ನಿ ತಂದು ನನಗ ಹೇಳಬೇಕು. ಅದು ಬಿಟ್ರ ಕೂಸ ವಾಪಸ್ ಇಲ್ಲ."

ಇದು ಮೊದಲಿನಿಂದ ಬಂದ ಪದ್ಧತಿ. ಮೊದಲ ದಿನ ಅಳುತ್ತ ನಿಂತಿದ್ದ ಆ ಹುಡುಗಿ ಹೊರಗೆ ಬಂದಾಗ, ಅಷ್ಟು ಹೊತ್ತು ಒಳಗೆ ಏನು ಕೇಳುತ್ತಾರೆ ಎಂಬ ಕುತೂಹಲ ತಡೆಯಲಾರದೆ ಶಂಕ್ರಮ್ಮ ಕೇಳಿದ್ದರು. ಅಂದಿನಿಂದ ಪ್ರತಿ ತಾಯಿಯೂ ಒಂದು ಪ್ರಶ್ನೆ ಕೊಟ್ಟು ಕೂಸು ಒಯ್ಯಬೇಕು. ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಒಂದೇ ಸರಿ ಎನ್ನುವುದು ಅವರಿಗೆ ಎಲ್ಲಿಲ್ಲದ ಮೋಜು. ಶಾಲೆಯ ಬಾಗಿಲು ಕಂಡದ್ದು ಒಂದೆರಡು ಮಳೆಗಾಲವಷ್ಟೇ. ಆದರೆ ಈಗ ಅವರು ಹೇಳುವ ಕತೆಗಳೆಲ್ಲ ಇದೇ ಅಚ್ಚಿನಲ್ಲಿ ಬರುತ್ತವೆ.

"ಈ ಮುಂದಿನ ಹಲ್ಲ ಹೆಂಗ ಹೋತು ಹೇಳ್ರಿ ನೋಡೋಣ" ಎಂದು ಅರವಿಂದ್ ಅವರನ್ನೂ, ಮರದಡಿಯ ಅಜ್ಜಿಯರನ್ನೂ ಕೇಳುತ್ತಾರೆ, ಕೈ ತೊಟ್ಟಿಲು ತೂಗುತ್ತಲೇ ಇದೆ. "ಒಂದು, ಚಾರ್‌ಮಿನಾರ್ ಮುಂದ ಮಿರ್ಚಿ ಬಜ್ಜಿ ಕಡಿಯೂವಾಗ ಕಲ್ಲ ಹತ್ತಿತು. ಎರಡು, ಇನ್ನೂ ಹಾಲ ಕುಡಿಯೋ ಕೂಸೊಂದು ಒದ್ದಿತು. ಮೂರು, ರೈಲಿನ್ಯಾಗ ಆಕಳಿಸಿದೆ, ಹಲ್ಲ ಕಿಡಕ್ಯಾಗಿಂದ ಹಾರಿ ವಾಡಿ ಸ್ಟೇಷನ್ನಿನ್ಯಾಗ ಇಳಿದುಬಿಡ್ತು. ನಾಕು, ಗಂಡ ಸಿಟ್ಟಿಗೆದ್ದ."

"ನಾಕನೇದಾ?" ಎಂದು ಒಬ್ಬ ಅಜ್ಜಿ ಅಂಜುತ್ತ ಕೇಳುತ್ತಾರೆ.

"ಅವಂಗ ಅಷ್ಟ ಧೈರ್ಯ ಎಲ್ಲಿದ್ದಿತ್ತು! ಎರಡನೇದು. ಆ ಕೂಸು ಈಗ ಪೊಲೀಸ್ ಆಗ್ಯಾನ, ಇನ್ನೂ ಒದಿಯಾಕತ್ತಾನ."

ಮರದಡಿ ನಗು. ಆದರೆ ಶಂಕ್ರಮ್ಮನ ಕಣ್ಣು ರಸ್ತೆಯ ಆಚೆಗಿದೆ. ಗೇಟಿನ ಬಳಿ ಶಾಮಿಯಾನದ ಕೆಳಗೆ ಮೇಜು, ಮೇಜಿನ ಮೇಲೆ ಬೆರಳಿನ ಯಂತ್ರ, ಯಂತ್ರದ ಮುಂದೆ ಶಿವಗಂಗಾ. ಅವಳ ಹಿಂದಿದ್ದ ಲಹರಿ ಒತ್ತಿ ಒಳಗೆ ಹೋದರು. ಇನ್ನೊಬ್ಬರು ಹೋದರು. ಶಿವಗಂಗಾ ಮಾತ್ರ ಪಕ್ಕಕ್ಕೆ ಸರಿದು ನಿಂತಿದ್ದಾಳೆ.

ಯಂತ್ರ ನೋಡಿಕೊಳ್ಳುವವರ ಹೆಸರು ಕಾರ್ತಿಕ. ಕೆಟ್ಟವರಲ್ಲ. ಹೆಬ್ಬೆರಳು ಒರೆಸಿ ಒತ್ತಿಸುತ್ತಾರೆ, ತೋರುಬೆರಳು ಒತ್ತಿಸುತ್ತಾರೆ, ಬಲಗೈ ಮುಗಿಸಿ ಎಡಗೈಗೆ ಬರುತ್ತಾರೆ. "ತೀಸ್ಕೋಟ್ಲೇದಮ್ಮಾ" ಎಂದು ತೆಲುಗಿನಲ್ಲಿ ತಲೆ ಅಲ್ಲಾಡಿಸುತ್ತಾರೆ. ಯಂತ್ರ ತೆಗೆದುಕೊಳ್ಳುತ್ತಿಲ್ಲ. ಮೊದಲೇ ಗಾರೆ ಕೆಲಸದಲ್ಲಿ ಸವೆದ ಬೆರಳು, ಅದರ ಮೇಲೆ ಮದರಂಗಿ, ಅದರ ಮೇಲೆ ಬೆಳಗಿನಿಂದ ಇಟ್ಟಿಗೆಯ ಉಜ್ಜಾಟ. ಗೇಟಿನ ಕಾವಲುಗಾರ ಗಡಿಯಾರ ನೋಡಿ "ಚಲೋ ಚಲೋ, ಜಲ್ದಿ" ಎಂದು ಉಳಿದವರನ್ನು ಒಳಗೆ ದಬ್ಬುತ್ತಿದ್ದಾರೆ.

"ಹೋಗ್ರಿ ಅಮ್ಮಾ, ನಾ ನೋಡ್ಕೋತೀನಿ" ಎನ್ನುತ್ತಾರೆ ಅರವಿಂದ್.

ಶಂಕ್ರಮ್ಮ ಎದ್ದು ನಿಲ್ಲುತ್ತಾರೆ. ಅಷ್ಟರಲ್ಲಿ ಒಂದು ಕೂಸು ಎಚ್ಚರಗೊಂಡು ಅಳು ತೆಗೆಯುತ್ತದೆ. ಅದರ ದನಿಗೆ ಪಕ್ಕದ್ದು, ಪಕ್ಕದ್ದರ ದನಿಗೆ ಅದರಾಚೆಯದು. ಕ್ಷಣದಲ್ಲಿ ಸಾಲಿಗೆ ಸಾಲೇ ಅಳುತ್ತಿದೆ. ಅರವಿಂದ್ ಎರಡು ಕೈಯಲ್ಲಿ ಒಂದೇ ತೊಟ್ಟಿಲು ಹಿಡಿದು ಕಂಗಾಲಾಗಿದ್ದಾರೆ. ಶಂಕ್ರಮ್ಮ ಗೇಟು ನೋಡುತ್ತಾರೆ, ತೊಟ್ಟಿಲು ನೋಡುತ್ತಾರೆ, ಮತ್ತೆ ಕೂತುಬಿಡುತ್ತಾರೆ. ಎರಡು ಹಗ್ಗ ಕೈಗೆ, ಒಂದು ಕಾಲಿಗೆ.

"ಒಪ್ಪಿಕೊಂಡ ಕೂಸು ಬಿಟ್ಟು ಹೆಂಗ ಹೋಗಲ್ರಿ? ಅವರವ್ವಗೋಳು ಒಳಗ ನನ್ನ ನೆಚ್ಚಿ ಕುಂತಾರ" ಎನ್ನುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಮುಖದಲ್ಲಿ ನಗು ಇಲ್ಲ.

ತೂಗುತ್ತ ತೂಗುತ್ತ, ಒಮ್ಮೆಲೇ ಅವರ ಕಾಲು ನಿಲ್ಲುತ್ತದೆ. ನಿನ್ನೆ ಸೊಪ್ಪು ಅರೆದದ್ದು ಕಡಿಮೆ ಬಿದ್ದಿತ್ತು. ಪಿಂಕಿಯ ಅಂಗೈಗೊಂದು ಬೊಟ್ಟು ಇಟ್ಟ ಮೇಲೆ, ಸೊಸೆಯ ಕೊನೆಯ ಬೆರಳಿಗೆ ಅರೆದ ಕಲ್ಲು ತೊಳೆದ ನೀರನ್ನಷ್ಟೇ ಸವರಿದ್ದರು.

"ಗಂಗಾ!" ರಸ್ತೆಯ ಬಸ್ಸು, ಆಟೋ, ಹಾರ್ನು ಎಲ್ಲವನ್ನೂ ಮೀರಿ ಅವರ ದನಿ ಏಳುತ್ತದೆ. "ಏ ಗಂಗಾ! ಎಡಗೈ ಕಿರಿಬೆರಳ! ಕಿರಿಬೆರಳ ಕೊಡ! ಅದಕ್ಕ ಸಾಲಿದ್ದಿಲ್ಲ!"

ರಸ್ತೆಗೆ ರಸ್ತೆಯೇ ತಿರುಗಿ ನೋಡುತ್ತದೆ. ಒಂದು ಆಟೋ ನಿಂತೇಬಿಡುತ್ತದೆ. ಉಳಿದದ್ದೂ ಸೋಲುತ್ತದೆಂದು ಕಿರುಬೆರಳು ಕೊಡದೆಯೇ ಕೈ ಹಿಂದಕ್ಕೆ ಎಳೆದುಕೊಂಡಿದ್ದ ಶಿವಗಂಗಾ ಎಡಗೈ ಮುಂದೆ ಮಾಡುತ್ತಾಳೆ. ಕಾರ್ತಿಕ ಅವಳ ಕಿರುಬೆರಳನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ ಗಾಜಿನ ಮೇಲೆ ಇಡಿಸುತ್ತಾರೆ. ತೆಗೆಯುತ್ತಾರೆ. ಮತ್ತೆ ಇಡಿಸುತ್ತಾರೆ. ಹಸಿರು ದೀಪ ಹತ್ತುತ್ತದೆ. ಕೌನ್ಸೆಲಿಂಗ್‌ಗೂ ಇದೇ ಬೆರಳು ತರಬೇಕು ಎಂದು ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳದೆ ಶಿವಗಂಗಾ ಓಡುತ್ತಾಳೆ. ಅವಳ ಬೆನ್ನಿಗೇ ಗೇಟು ಮುಚ್ಚುತ್ತದೆ.

ಮರದ ಕೆಳಗೆ ಶಂಕ್ರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಬಿಸಿಲು" ಎನ್ನುತ್ತಾರೆ, ನೆರಳಿನಲ್ಲಿ ಕೂತು.

ಎರಡು ತಾಸು ಮುಗಿದು ತಾಯಂದಿರು ಹೊರಗೆ ಬಂದಾಗ ಬೇವಿನ ಕೆಳಗೆ ಜಾತ್ರೆಯಂಥ ಗಲಾಟೆ. ಲಹರಿ ಕೂಸನ್ನು ಎತ್ತಿಕೊಳ್ಳುವ ಮುಂಚೆಯೇ ಪ್ರಶ್ನೆ ಒಪ್ಪಿಸುತ್ತಾರೆ. "ಒಬ್ಬ ಹುಡುಗ ಕ್ಲಾಸಿನ್ಯಾಗ ದಿನಾ ನಿದ್ದಿ ಮಾಡ್ತಾನ. ಟೀಚರ್ ಏನ್ ಮಾಡಬೇಕು? ಎಬ್ಬಿಸಿ ನಿಲ್ಲಿಸಬೇಕಾ, ಹೆಡ್‌ಮಾಸ್ಟರ್‌ಗೆ ಹೇಳಬೇಕಾ, ಹಂಗೇ ಬಿಡಬೇಕಾ, ಕಾರಣ ತಿಳ್ಕೋಬೇಕಾ?"

"ಉಂಡ ಬಂದಿಯೇನೋ ಅಂತ ಕೇಳಬೇಕು. ಅದು ನಾಕರಾಗ ಇಲ್ಲಲ್ಲ?"

"ಅದು ಕಾರಣ ತಿಳ್ಕೋಳೋದ್ರಾಗ ಬಂತಲ್ರಿ ಅಮ್ಮಾ!"

"ಹಂಗಾದ್ರ ನಾನೂ ಪಾಸ್. ಎಲ್ಲಿ ಸೀಟ ಕೊಡ್ತಾರ ಕೇಳಿ ಬರ್ರಿ."

ಶಿವಗಂಗಾ ಕೊನೆಯವರ ಜೊತೆ ಬರುತ್ತಾಳೆ. ಪಿಂಕಿಯನ್ನು ಎತ್ತಿಕೊಂಡು ಅತ್ತೆಯ ಪಕ್ಕ ಕೂರುತ್ತಾಳೆ. ಶಂಕ್ರಮ್ಮ ಅವಳಿಗೆ ಪ್ರಶ್ನೆ ಕೇಳುವುದಿಲ್ಲ, ನೀರಿನ ಬಾಟಲಿ ಕೊಡುತ್ತಾರೆ.

"ಬರದೀನಿ ಅತ್ತಿ. ಕೆಲವು ಗೊತ್ತಾಗಲಿಲ್ಲ. ಗೊತ್ತಾಗಿದ್ದ ಹೆಚ್ಚ ಅದಾವು" ಎನ್ನುತ್ತಾಳೆ ಅವಳು ನೀರು ಕುಡಿದು. ಬಾಟಲಿಯ ಮುಚ್ಚಳ ಹಾಕಿ, "ಊರಿಗೆಲ್ಲಾ ಕೇಳೂವಂಗ ಒದರಿದಿ. ಒಳಗೂ ಹುಡುಗ್ಯಾರು ನನ್ನ ಕಿರಿಬೆರಳ ನೋಡಿ ನೋಡಿ ನಗಾಕತ್ತಿದ್ರು."

"ನಗಲಿ ಬಿಡು. ಸೀಟ ಸಿಗೂ ತನಕ ಆ ಬೆರಳಿಗೆ ಕೆಲಸ ಇಲ್ಲ. ಮುಸುರಿ ನಾ ತೊಳೀತೀನಿ, ಸಿಮೆಂಟ್ ಮುಟ್ಟಬ್ಯಾಡ."

ಸೊಸೆಗೆ ನಗು ತಡೆಯುವುದಿಲ್ಲ. ಅತ್ತೆ ಆಗಲೇ ಸೀರೆಗಳ ಗಂಟು ಬಿಚ್ಚಲು ಎದ್ದಿದ್ದಾರೆ. ತೊಟ್ಟಿಲು ಇಳಿಸಲು ಕೈ ಹಾಕಿದ ಅರವಿಂದ್, ಸೊಸೆ ಟೀಚರ್ ಆದರೆ ನಿಮಗೇನು ಬೇಕು ಎಂದು ಕೇಳುತ್ತಾರೆ. ಬಂಗಲೆ, ಕಾರು, ಕಾರಿಗೊಬ್ಬ ಡ್ರೈವರು, ಡ್ರೈವರಿಗೊಂದು ಕಾರು ಎಂದು ಶಂಕ್ರಮ್ಮ ಎಂದಿನಂತೆ ಬಿಡುತ್ತ ಹೋಗುತ್ತಾರೆ. ಆಮೇಲೆ ಸೀರೆ ಮಡಚುತ್ತಿದ್ದ ಕೈ ನಿಧಾನವಾಗುತ್ತದೆ.

"ಆಕಿ ಮೊದಲನೇ ದಿನ ಸಾಲಿಗೆ ಕಲಿಸಾಕ ಹೋಗೂವಾಗ ಪಿಂಕೀನ ಎತ್ಕೊಂಡು ಗೇಟಿನ ತನಕ ಹೋಗಬೇಕ್ರಿ. ಒಳಗ ಬ್ಯಾಡ. ಹೊರಗ, ಆಕಿಗೆ ಕಾಣೂವಂಗ ನಿಂದರತೀನಿ. ಇವತ್ತ ಸಿಟ್ಟಿತ್ತು, ತಿರುಗಿ ನೋಡದ ಓಡಿದ್ಲು. ಅವತ್ತ ನೋಡತಾಳ."