ಗ್ರೀಕ್ ಕಾದಂಬರಿಯೂ ಸೋದರತ್ತೆಯ ಕಟ್ಟಳೆಯೂ

ಗೆಳೆಯರೇ, ಚಾಮರಾಜನಗರದಿಂದ ನಾನು ತರಿಸಿದ ಗ್ರೀಕ್ ಪುರಾಣದ ಕಾದಂಬರಿಯನ್ನು ಎರವಲು ಕೇಳಿಕೊಂಡು ಯಾರೂ ಬರಬೇಡಿ. ಇವತ್ತು ಮಧ್ಯಾಹ್ನ ಗುಂಡ್ಲುಪೇಟೆಯ ನಮ್ಮ ಜಗಲಿಯಲ್ಲಿ, ಪ್ರತಿ ಭಾನುವಾರ ನೆರೆಯವರಿಗೆ ಓದುವ ಪುರಾಣದ ಬದಲು ಅದನ್ನೇ ಓದಿದೆ. ಹೊಗಳಿ ಹೊಗಳಿ ಎಲ್ಲರನ್ನೂ ಕೂರಿಸಿದವನೂ ನಾನೇ.

ಕಥೆಯ ವೀರ ಕತ್ತಿ ಹಿಡಿದುಕೊಂಡು ಮೂವತ್ತು ಪುಟ ಯೋಚಿಸಿದ.

"ಮೇಷ್ಟ್ರೇ, ಇವ್ನು ಯುದ್ಧಕ್ಕೋಯ್ತಾನೋ, ಮನೆಗೋಯ್ತಾನೋ?" ಎಂದರು ಎದುರಂಗಡಿಯ ದರ್ಜಿ ರಹೀಂ ಸಾಬರು.

ಎರಡೂ ಮಾಡಲಿಲ್ಲ, ಸತ್ತ. ನಾನು ಪುಸ್ತಕ ಮುಚ್ಚಿದೆ.

"ಸಾವಿಗೆ ಓದು ನಿಲ್ಲಿಸ್ಬಾರ್ದು ಕಣಪ್ಪ, ಮುಂದಕ್ಕೆ ಓದು" ಎಂದರು ಜೊತೆಗೆ ಕೂತಿದ್ದ ನನ್ನ ಸೋದರತ್ತೆ. ನಮ್ಮಲ್ಲಿ ಮದುವೆಯೋ ಪಟ್ಟಾಭಿಷೇಕವೋ ಬರುವ ತನಕ ಓದಲೇಬೇಕು. ಮುಂದಿನ ಅಧ್ಯಾಯದಲ್ಲಿ ಅವನ ಗೆಳೆಯ ಸತ್ತ, ಅದರ ಮುಂದಿನದರಲ್ಲಿ ಮಗ. ಲಾಟೀನು ಹಚ್ಚುವ ಹೊತ್ತಿಗೆ ಕೊನೆಯ ಪುಟ ಬಂತು, ಅದರಲ್ಲಿ ಆ ವೀರನ ಊರೇ ಸುಟ್ಟುಹೋಯಿತು.

"ಮೊದ್ಲಲ್ಲಿ ಒಂದು ಮದ್ವೆ ಇತ್ತಲ್ಲ, ಅದ್ನೇ ಇನ್ನೊಂದ್ಸಲ ಓದಿ ಮುಗಿಸ್ಬುಡು" ಎಂದರು ಅತ್ತೆ. ಓದಿದೆ.

ರಹೀಂ ಸಾಬರು ಮೈಮುರಿದು ಎದ್ದರು. "ಬರೋ ಭಾನುವಾರ ನಮ್ ಹಳೇ ಪುರಾಣನೇ ಇರ್ಲಿ ಮೇಷ್ಟ್ರೇ. ಅದ್ರಲ್ಲೂ ಎಲ್ರೂ ಸಾಯ್ತಾರೆ. ಆದ್ರೆ ಏನಾರ ಮಾಡ್ಬುಟ್ಟು ಸಾಯ್ತಾರೆ."