ಅಕ್ಕನಿಗೆ ತಂದ ಮಾತ್ರೆ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ತೂಕದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಎಳೆಯ ಹೆಣ್ಣಿಲಿಗಳ ಗರ್ಭಕೋಶವನ್ನು ಬಿಡಿಸಿ ತೆಗೆಯುವುದು, ಅಂಟಿದ ಕೊಬ್ಬನ್ನು ಸವರುವುದು, ಬ್ಲಾಟಿಂಗ್ ಕಾಗದದ ಮೇಲೊಮ್ಮೆ ಹೊರಳಿಸಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟು ತೂಗುವುದು. ಉಸಿರು ತಾಗಿದರೂ ಅಂಕಿ ಅಲುಗುವ ತಕ್ಕಡಿ ಅದು. ಏನೂ ಕೊಡದ ಇಲಿಯದು ಮೂವತ್ತು ಮಿಲಿಗ್ರಾಂ ತೂಗಿದರೆ, ಮೂರು ದಿನ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಚುಚ್ಚಿಸಿಕೊಂಡ ಇಲಿಯದು ನೂರರ ಹತ್ತಿರ ಬರುತ್ತಿತ್ತು.

ಯಾಕೆ ಹೀಗೆ ಎಂದು ಅವನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕೇಳಿದ್ದ. ಪ್ರೊಫೆಸರಮ್ಮ ಬೇಸರಿಸದೆ ಹೇಳಿದ್ದರು. “ಡಿಎನ್‌ಎ ಮೂಲ ಪ್ರತಿ ಇದ್ದ ಹಾಗೆ. ಆರ್‌ಎನ್‌ಎ ಅಂದ್ರೆ ಅದರಿಂದ ನಕಲು ಮಾಡ್ಕೊಂಡ ಆದೇಶ. ಈಸ್ಟ್ರೋಜನ್ ಒಳಗೆ ಹೋಯ್ತೋ, ಗರ್ಭಕೋಶದಲ್ಲಿ ಆ ನಕಲು ತೆಗೆಯೋ ಕೆಲಸ ಒಂದು ಗಂಟೆ ಒಳಗೇ ಜೋರಾಗುತ್ತೆ. ಬೆಳೆಯೋದು ಆಮೇಲೆ. ನಕಲು ತಡೆಯೋ ಔಷಧಿ ಕೊಟ್ಟುಬಿಟ್ರೆ ಬೆಳವಣಿಗೆನೂ ನಿಂತುಹೋಗುತ್ತೆ.” ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಜೊತೆಗೆ ಕೊಟ್ಟರೂ ಈ ಓಟಕ್ಕೆ ಕಡಿವಾಣ ಬೀಳುತ್ತಿತ್ತು. ಪುಸ್ತಕ ಓದಿದವನಲ್ಲ ತೂಕದಣ್ಣ, ಆದರೆ ಇಷ್ಟು ಅವನಿಗೆ ಕರತಲಾಮಲಕ.

ಮನೆಯಲ್ಲಿ ಇದ್ದವರು ಅವನು, ಅವನ ಅಕ್ಕ, ಅಷ್ಟೇ. ಅಕ್ಕ ಹತ್ತು ವರ್ಷ ದೊಡ್ಡವಳು. ಗಂಡನ ಮನೆಯಿಂದ ಎರಡೇ ವರ್ಷಕ್ಕೆ ಒಂದು ಟ್ರಂಕು ಹಿಡಿದು ವಾಪಸ್ ಬಂದವಳು ಕಿಟಕಿ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ತಮ್ಮನನ್ನು ದೊಡ್ಡವನನ್ನಾಗಿ ಮಾಡಿದ್ದಳು. ತಮ್ಮನ ಕೆಲಸ ಏನೆಂದು ಅವಳಿಗೆ ಗೊತ್ತಿತ್ತು. ಯಾರಾದರೂ ಕೇಳಿದರೆ ಮಾತ್ರ “ಅವನು ತೂಕದ ಇಲಾಖೇಲಿ ಇದಾನೆ” ಎಂದು ಹೇಳಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ನಗುತ್ತಿದ್ದಳು.

ಐವತ್ತಕ್ಕೆ ಕಾಲಿಟ್ಟಾಗ ಅಕ್ಕನಿಗೆ ಮುಟ್ಟು ನಿಂತಿತು, ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಆಗತೊಡಗಿತು. ಕುಳಿತಲ್ಲೇ ಬೆವರು, ಕಣ್ಣಿಗೆ ನಿದ್ದೆ ಇಲ್ಲ. ಡಾಕ್ಟರು ಮೂರು ತಿಂಗಳಿಗೆ ಮಾತ್ರೆ ಬರೆದು, ಮುಗಿದ ಮೇಲೆ ಬಂದು ತೋರಿಸಿ ಅಂದರು. ವಾರ ಹತ್ತು ದಿನದಲ್ಲೇ ಅಕ್ಕ ಗೆಲುವಾದಳು. ಗೆಲುವಾದವಳು ಡಾಕ್ಟರ ಬಳಿ ಯಾಕೆ ಹೋಗುತ್ತಾಳೆ? “ಬರ್ತಾ ಆ ಮಾತ್ರೆ ತಂದುಬಿಡೋ” ಎಂದಳು. ತಮ್ಮ ತಂದ. ಮಡಿಕೆಯಲ್ಲಿ ಹರಿದ ಅದೇ ಚೀಟಿ ತೋರಿಸಿ ಪ್ರತಿ ತಿಂಗಳೂ ತಂದ, ಏಳು ವರ್ಷ ತಂದ. ಔಷಧಿ ಅಂಗಡಿಯವನು ಆಮೇಲಾಮೇಲೆ ಚೀಟಿ ನೋಡುವುದನ್ನೂ ಬಿಟ್ಟ.

ಒಂದು ಬೆಳಿಗ್ಗೆ ಅಕ್ಕ ಯಂತ್ರದ ಮೇಲೆಯೇ ತಲೆಯಿಟ್ಟು ಕುಸಿದಳು. ಆಸ್ಪತ್ರೆಗೆ ಸೇರಿಸಿದಾಗ ಗೊತ್ತಾಯಿತು, ಎಂಟು ತಿಂಗಳಿಂದ ರಕ್ತ ಹೋಗುತ್ತಿತ್ತು. ಹೊಲಿದು ಮಿಕ್ಕ ಬಟ್ಟೆತುಂಡುಗಳನ್ನೇ ಬಳಸಿ ಯಾರಿಗೂ ಹೇಳದೆ ಇದ್ದಳು.

ಲೇಡಿ ಡಾಕ್ಟರು ಮಾತ್ರೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದೊಂದನ್ನೇ ತಗೋತಿದ್ರಾ? ಜೊತೆಗೆ ಪ್ರೊಜೆಸ್ಟರಾನ್ ಇರಲಿಲ್ವಾ? ಗರ್ಭಕೋಶ ಇರೋರಿಗೆ ಬರೀ ಈಸ್ಟ್ರೋಜನ್ನ ಇಷ್ಟು ವರ್ಷ ಕೊಡಬಾರದು. ಒಳಪದರ ಬೆಳೀತಾನೇ ಹೋಗಿ ಕ್ಯಾನ್ಸರಿಗೆ ತಿರುಗಬಹುದು. ಇವರಿಗೆ ಆಗಿರೋದೂ ಅದೇ.”

ತೂಕದಣ್ಣ ಆ ಹಾಳೆಯನ್ನು ಕೈಗೆ ತೆಗೆದುಕೊಂಡ. ಹಿಂದುಗಡೆ ಸಣ್ಣಕ್ಷರದಲ್ಲಿ ಇದ್ದ ಹೆಸರು ಪ್ರಯೋಗಾಲಯದ ಫ್ರಿಜ್ಜಿನ ಶೀಶೆಯ ಮೇಲೆ ಅವನೇ ದಿನವೂ ಓದುವ ಹೆಸರು. ಏಳು ವರ್ಷ ಒಮ್ಮೆಯೂ ಅದನ್ನು ತಿರುಗಿಸಿ ನೋಡಿರಲಿಲ್ಲ. ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು. ಅವನ ಕಿವಿಗೆ ಯಾವುದೂ ಬೀಳಲಿಲ್ಲ.

ಗರ್ಭಕೋಶ ತೆಗೆದರು. ಅಷ್ಟರಲ್ಲಿ ಕ್ಯಾನ್ಸರು ಶ್ವಾಸಕೋಶಕ್ಕೂ ಹಬ್ಬಿತ್ತು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಅಕ್ಕ ಗೋಡೆಗೆ ಒರಗಿ ಕುಳಿತಿದ್ದಾಗ, ಅವನು ತಡೆಯಲಾರದೆ ಅಂದ. “ಅಕ್ಕಾ, ಮಾತ್ರೆ ತಂದುಕೊಟ್ಟೋನು ನಾನು. ಅದು ಏನು ಮಾಡುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೀಲಿಲ್ಲ.”

“ನೀನು ತಂದುಕೊಟ್ಟೆ, ನಾನು ನುಂಗಿದೆ. ಏಳು ವರ್ಷ ಸುಖವಾಗಿ ನಿದ್ದೆ ಮಾಡಿದೀನಿ ಕಣೋ. ಅದನ್ನೂ ಲೆಕ್ಕಕ್ಕೆ ಹಿಡ್ಕೋ.”

“ರಕ್ತ ಹೋಗ್ತಿದೆ ಅಂತಾದ್ರೂ ಹೇಳಬಾರದಿತ್ತಾ?”

“ತಮ್ಮನ ಹತ್ರ ಆಡೋ ಮಾತೇನೋ ಅದು?”

“ದಿನಾ ಬೆಳಗಾದ್ರೆ ನಾನು ಮಾಡೋದೇ ಅದೇ ಕೆಲಸ ಅಲ್ವಾ ಅಕ್ಕಾ!”

“ಇಲೀದು ಬೇರೆ, ಅಕ್ಕಂದು ಬೇರೆ” ಎಂದಳು ಅವಳು. ನಗಲು ಹೋದಳು, ಕೆಮ್ಮು ಬಂತು. ಅವನು ಬೆನ್ನು ನೀವಿದ. ಬೆನ್ನಿನ ಒಂದೊಂದು ಮೂಳೆಯೂ ಕೈಗೆ ಸಿಗುತ್ತಿತ್ತು.

ಹದಿನಾಲ್ಕು ತಿಂಗಳಿಗೆ ಅಕ್ಕ ತೀರಿಕೊಂಡಳು.

ಅವನು ಕೆಲಸಕ್ಕೆ ಹಿಂತಿರುಗಿದ. ಮೊದಲ ದಿನವೇ ತಕ್ಕಡಿಯ ಮುಂದೆ ಕುಳಿತವನು ಒಂದನ್ನೂ ತೂಗದೆ ಎದ್ದುಬಂದ. ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿಬಿಡಿ ಎಂದು ಕೇಳಿಕೊಂಡ. ಪ್ರೊಫೆಸರಮ್ಮ ಆಗಲಿ ಎಂದರು.

ಕಾಯಿಲೆಯಲ್ಲೂ ಆಗಾಗ ಹೊಲಿಯುತ್ತಿದ್ದ ಅಕ್ಕನ ಬಳಿ ಬಟ್ಟೆ ಕೊಟ್ಟಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಹೊಲಿಯದೆ ಉಳಿದದ್ದನ್ನು ಮಡಚಿ ವಾಪಸ್ ಕೊಡುತ್ತ, ನೆಲ ನೋಡಿಕೊಂಡೇ ಅವನು ಹೇಳುತ್ತಿದ್ದ. “ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿದ್ರೆ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಹಾರ್ಮೋನ್ ಮಾತ್ರೆ ತಗೊಳ್ತಿದ್ರೆ ಅದನ್ನೂ ತಗೊಂಡು ಹೋಗಿ.” ಗಂಡಸಿನ ಬಾಯಲ್ಲಿ ಈ ಮಾತು ಕೇಳಿ ಒಬ್ಬಳು ದುರುಗುಟ್ಟಿ ನೋಡಿದಳು. ಇನ್ನೊಬ್ಬಳು ಬಟ್ಟೆ ಕಸಿದುಕೊಂಡು ಹೊರಟೇಹೋದಳು. ಪಾಪ, ಅಕ್ಕ ಹೋದಮೇಲೆ ತಲೆ ಕೆಟ್ಟಿದೆ ಎಂದು ಬೀದಿಯಲ್ಲಿ ಆಡಿಕೊಂಡರು. ಪಕ್ಕದ ಶಾಲೆಯ ಆಯಾ ಮಾತ್ರ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ನಿಂತಳು.

“ಸ್ವಲ್ಪ ಕಂಡ್ರೂ ತೋರಿಸಬೇಕಾ, ಅಣ್ಣಾ?” ಎಂದು ಕೇಳಿದಳು.

“ಸ್ವಲ್ಪ ಕಂಡ್ರೂ ತೋರಿಸಮ್ಮ. ಇವತ್ತೇ ಹೋಗು” ಎಂದ. ಆಮೇಲೆ ಬಾಗಿಲು ಮುಂದೆ ಮಾಡಿ, ಅಕ್ಕ ಸತ್ತ ದಿನವೂ ಅಳದಿದ್ದವನು ಬಿಕ್ಕಿ ಬಿಕ್ಕಿ ಅತ್ತ.